ಅಲೋಯಿಸ್ ಆಲ್ಝೈಮರ್: ಕೇಳಿದ್ದನ್ನು ಬರೆದಿಟ್ಟ ವೈದ್ಯ

ಈ ವರ್ಷದ ಬೋಧನಾಭ್ಯಾಸದ ಅವಧಿಯಲ್ಲಿ ಹತ್ತನೆಯ ತರಗತಿಯ ನರವ್ಯೂಹದ ಪಾಠವೊಂದನ್ನು ಅವಲೋಕಿಸಲು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಪಾಠ ಚೆನ್ನಾಗಿಯೇ ನಡೆಯಿತು. ಕಪ್ಪುಹಲಗೆಯ ಮೇಲೆ ನರಕೋಶದ ಚಿತ್ರ ಬಂದಿತ್ತು, ಭಾಗಗಳನ್ನು ಗುರುತಿಸಿಯಾಗಿತ್ತು, ಪುನರಾವರ್ತನೆಯ ಪ್ರಶ್ನೆಗಳೂ ಮುಗಿದಿದ್ದವು. ಆಗ ಒಬ್ಬ ಹುಡುಗಿ ಎದ್ದು ನಿಂತು, ತನ್ನ ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ, ಉಂಡು ಕೈ ತೊಳೆದ ಮೇಲೂ ಊಟ ಕೊಡಲಿಲ್ಲವೆಂದು ಬೇಸರಪಡುತ್ತಾರೆ, ಇದು ಕಾಯಿಲೆಯೋ ವಯಸ್ಸೋ ಎಂದು ಕೇಳಿದಳು. ಪ್ರಶಿಕ್ಷಣಾರ್ಥಿ ಅರವತ್ತಕ್ಕೆ ಅರಳುಮರಳು ಎಂಬ ಗಾದೆಮಾತು ಹೇಳಿದರು. ತರಗತಿ ನಕ್ಕಿತು. ಕೇಳಿದ ಹುಡುಗಿ ನಗಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅವಲೋಕನ ಪುಸ್ತಕದಲ್ಲಿ ನಾನು ಏನು ಬರೆದೆ ಎಂಬುದು ಇಲ್ಲಿ ಮುಖ್ಯವಲ್ಲ. ಆ ಪ್ರಶಿಕ್ಷಣಾರ್ಥಿಯನ್ನು ದೂರುವುದೂ ನನ್ನ ಉದ್ದೇಶವಲ್ಲ. ನಮ್ಮ ಮನೆಗಳಲ್ಲಿ ದೊಡ್ಡವರು ಹೇಳುತ್ತ ಬಂದದ್ದನ್ನೇ ಅವರೂ ಹೇಳಿದರು. ಆದರೆ ಆ ಹುಡುಗಿ ಕೇಳಿದ ಪ್ರಶ್ನೆ ಸಣ್ಣದಲ್ಲ. ನೂರು ವರ್ಷಗಳಿಗೂ ಹಿಂದೆ ಜರ್ಮನಿಯ ಒಬ್ಬ ವೈದ್ಯರನ್ನು ಇದೇ ಪ್ರಶ್ನೆ ಬಿಡದೆ ಕಾಡಿತ್ತು. ಇಂದು ಆ ಕಾಯಿಲೆಗೆ ಅವರ ಹೆಸರೇ ಇದೆ. ಹೆಸರಿಟ್ಟವರು ಅವರಲ್ಲ, ಬೇರೊಬ್ಬರು ಇಟ್ಟ ಮೇಲೂ ಅವರಿಗೆ ಅದರ ಬಗ್ಗೆ ಅನುಮಾನವಿತ್ತು. ಅವರ ಬದುಕನ್ನು ವಿಜ್ಞಾನ ಬೋಧಿಸುವವರೂ ಬೋಧನೆಯನ್ನು ಕಲಿಸುವವರೂ ಒಮ್ಮೆ ಓದಿಕೊಳ್ಳಬೇಕು ಎನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಅಲೋಯಿಸ್ ಆಲ್ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾ ಪ್ರಾಂತದಲ್ಲಿ ಮೈನ್ ನದಿಯ ದಂಡೆಯ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ತಂದೆ ಎಡ್ವರ್ಡ್ ನೋಟರಿ. ಮಕ್ಕಳ ಓದಿಗಾಗಿ ಕುಟುಂಬ ಆಶಾಫೆನ್‌ಬುರ್ಗ್ ಪಟ್ಟಣಕ್ಕೆ ಬಂತು. ಅಲ್ಲಿಯ ಪ್ರೌಢಶಿಕ್ಷಣ ಮುಗಿಸಿ ಬರ್ಲಿನ್, ಟ್ಯೂಬಿಂಗನ್, ವ್ಯುರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯಗಳಲ್ಲಿ ವೈದ್ಯಶಾಸ್ತ್ರ ಓದಿದರು. ಎತ್ತರದ ಆಳು, ಗಟ್ಟಿ ಮೈಕಟ್ಟು. ವಿದ್ಯಾರ್ಥಿ ದಿನಗಳ ಕತ್ತಿವರಸೆಯಲ್ಲಿ ಮುಖದ ಎಡಭಾಗಕ್ಕೆ ಆದ ಗಾಯದ ಗುರುತು ಕೊನೆಯವರೆಗೂ ಉಳಿಯಿತು. 1887ರಲ್ಲಿ ಅವರು ಸಲ್ಲಿಸಿದ ಡಾಕ್ಟರೇಟ್ ಪ್ರಬಂಧ ಮೆದುಳಿಗೆ ಸಂಬಂಧಿಸಿದ್ದಲ್ಲ, ಕಿವಿಯ ಗುಗ್ಗೆ ಉತ್ಪಾದಿಸುವ ಗ್ರಂಥಿಗಳ ಮೇಲಿನದು. ವಿಷಯ ಯಾವುದಾದರೂ ಇರಲಿ, ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಆ ದಿನಗಳಲ್ಲೇ ಅಂಟಿಕೊಂಡಿತು.

1888ರ ಕೊನೆಯಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಸಹಾಯಕ ವೈದ್ಯರಾಗಿ ಸೇರಿದರು. ಊರಿನ ಜನ ಆ ದೊಡ್ಡ ಕಟ್ಟಡವನ್ನು ಹುಚ್ಚರ ಅರಮನೆ ಎಂದು ಕರೆಯುತ್ತಿದ್ದರು. ಅದನ್ನು ಕಟ್ಟಿಸಿದ ವೈದ್ಯ ಹೈನ್ರಿಶ್ ಹಾಫ್‌ಮನ್ ಅವರೇ ಸ್ಟ್ರೂವೆಲ್‌ಪೀಟರ್ ಎಂಬ ಪ್ರಸಿದ್ಧ ಮಕ್ಕಳ ಪುಸ್ತಕದ ಕರ್ತೃ ಎಂಬುದನ್ನು ಶಿಕ್ಷಕರ ಪತ್ರಿಕೆಯಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಆಲ್ಝೈಮರ್ ಬಂದಾಗ ಮೇಲ್ವಿಚಾರಣೆ ಎಮಿಲ್ ಸಿಯೋಲಿ ಅವರದಾಗಿತ್ತು. ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ಆದಷ್ಟು ಬಿಡಿಸಿ, ಚಡಪಡಿಸುವವರನ್ನು ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ಬಹಳ ಹೊತ್ತು ಕೂರಿಸಿ ಸಮಾಧಾನಪಡಿಸುವ ಕ್ರಮವನ್ನು ಇಬ್ಬರೂ ಸೇರಿ ನಡೆಸಿದರು. ಮರುವರ್ಷ ಫ್ರಾನ್ಸ್ ನಿಸ್ಲ್ ಬಂದರು. ನರಕೋಶಗಳಿಗೆ ಬಣ್ಣ ಹಾಕಿ ಅವುಗಳ ಒಳರಚನೆ ಕಾಣುವಂತೆ ಮಾಡುವ ವಿಧಾನವನ್ನು ಕಂಡುಕೊಂಡವರು ಈ ನಿಸ್ಲ್. ಹಗಲು ವಾರ್ಡಿನಲ್ಲಿ ರೋಗಿಗಳು, ಸಂಜೆಯಾದ ಮೇಲೆ ಸೂಕ್ಷ್ಮದರ್ಶಕ. ಹೀಗೆ ಈ ಇಬ್ಬರ ಸ್ನೇಹ ಬೆಳೆಯಿತು. ರೋಗಿಯ ವರ್ತನೆಯನ್ನು ಬದುಕಿದ್ದಾಗ ನೋಡಬೇಕು, ಅದೇ ವ್ಯಕ್ತಿಯ ಮೆದುಳನ್ನು ಸತ್ತ ಮೇಲೆ ನೋಡಬೇಕು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು ಎಂಬುದು ಅವರ ಕೆಲಸದ ದಾರಿ. ಮುಪ್ಪಿನಲ್ಲಿ ಮೆದುಳು ಕುಗ್ಗುವುದು, ರಕ್ತನಾಳಗಳು ಗಡುಸಾಗುವುದು ಇವುಗಳ ಬಗ್ಗೆ ಆಲ್ಝೈಮರ್ 1890ರ ದಶಕದಲ್ಲೇ ಬರೆದಿದ್ದರು. ಮುಪ್ಪು ಎಂಬುದು ಅವರಿಗೆ ಆಗಲೇ ಅಧ್ಯಯನದ ವಿಷಯವಾಗಿತ್ತು.

1894ರಲ್ಲಿ ಸೆಸಿಲಿಯಾ ಗೈಸನ್‌ಹೈಮರ್ ಅವರನ್ನು ಮದುವೆಯಾದರು. ಆಕೆ ಶ್ರೀಮಂತ ವಜ್ರವ್ಯಾಪಾರಿಯೊಬ್ಬರ ವಿಧವೆ. ಮೂವರು ಮಕ್ಕಳಾದರು. ಏಳು ವರ್ಷಗಳೊಳಗೆ, 1901ರ ಫೆಬ್ರವರಿಯಲ್ಲಿ, ಸೆಸಿಲಿಯಾ ತೀರಿಕೊಂಡರು. ಕೊನೆಯ ಮಗುವಿಗೆ ಆಗ ಇನ್ನೂ ಮಾತು ಬರುವ ವಯಸ್ಸೂ ಅಲ್ಲ. ತಂಗಿ ಎಲಿಜಬೆತ್ ಬಂದು ಮನೆ, ಮಕ್ಕಳನ್ನು ನೋಡಿಕೊಂಡರು. ಆಲ್ಝೈಮರ್ ಕೆಲಸದಲ್ಲಿ ಮುಳುಗಿದರು.

ಆ ವರ್ಷದ ನವೆಂಬರ್ 25ರಂದು ರೈಲ್ವೆ ಗುಮಾಸ್ತರೊಬ್ಬರು ತಮ್ಮ ಹೆಂಡತಿಯನ್ನು ಆಸ್ಪತ್ರೆಗೆ ಕರೆತಂದರು. ಆಗುಸ್ಟೆ ಡೇಟರ್, ವಯಸ್ಸು 51. ಮೊದಲು ಗಂಡನ ಮೇಲೆ ಕಾರಣವಿಲ್ಲದ ಸಂಶಯ, ಆಮೇಲೆ ಮರೆವು. ಸಾಮಾನುಗಳನ್ನು ಅಲ್ಲಿಂದಿಲ್ಲಿಗೆ ಒಯ್ದು ಬಚ್ಚಿಡುವುದು, ಸ್ವಂತ ಮನೆಯಲ್ಲೇ ದಿಕ್ಕು ತಪ್ಪುವುದು, ಯಾರೋ ತನ್ನನ್ನು ಕೊಲ್ಲಲು ಬಂದರೆಂದು ಕೂಗುವುದು. ಅರವತ್ತಾಗಿರಲಿಲ್ಲ. ನಮ್ಮ ಗಾದೆಯ ಲೆಕ್ಕದಲ್ಲಿ ಅರಳುಮರಳಿಗೆ ಇನ್ನೂ ಒಂಬತ್ತು ವರ್ಷ ಬಾಕಿ ಇತ್ತು.

ಮರುದಿನ ಆಲ್ಝೈಮರ್ ಆಕೆಯ ಮುಂದೆ ಕುಳಿತು ಪ್ರಶ್ನೆ ಕೇಳತೊಡಗಿದರು. ಈ ಭಾಗವನ್ನು ಪ್ರಶಿಕ್ಷಣಾರ್ಥಿಗಳು ನಿಧಾನವಾಗಿ ಓದಬೇಕು. ಹೆಸರು ಕೇಳಿದರೆ ಆಗುಸ್ಟೆ ಎಂದಳು. ಮನೆತನದ ಹೆಸರು ಕೇಳಿದರೂ ಆಗುಸ್ಟೆ. ಗಂಡನ ಹೆಸರಿಗೂ ತನ್ನ ಹೆಸರನ್ನೇ ಹೇಳಿದಳು. ಮಧ್ಯಾಹ್ನ ಊಟಕ್ಕೆ ಹಂದಿಮಾಂಸ, ಹೂಕೋಸು ಬಡಿಸಿದ್ದರು. ಏನು ತಿನ್ನುತ್ತಿರುವಿರಿ ಎಂದರೆ ಪಾಲಕ್ ಎಂದಳು. ಕೆಲವು ಸಾಮಾನುಗಳನ್ನು ತೋರಿಸಿದಾಗ ಹೆಸರು ಸರಿಯಾಗಿ ಹೇಳಿದಳು, ಆದರೆ ಸ್ವಲ್ಪ ಹೊತ್ತಿಗೆ ಅವುಗಳನ್ನು ತೋರಿಸಿದ್ದೇ ಆಕೆಗೆ ನೆನಪಿಲ್ಲ. ಲೋಟಕ್ಕೆ ಹೆಸರು ಸಿಗದೆ ಹಾಲು ಹುಯ್ಯುವುದು ಎಂಬರ್ಥದ ಮಾತು ಬಳಸಿದಳು. ಮುಂದಿನ ದಿನಗಳಲ್ಲಿ ಹಿಮದ ಬಣ್ಣ, ಮಸಿಯ ಬಣ್ಣ, ಆಕಾಶದ ಬಣ್ಣ, ಹುಲ್ಲುಗಾವಲಿನ ಬಣ್ಣ ಕೇಳಿದರು; ಎಲ್ಲಕ್ಕೂ ಸರಿಯುತ್ತರ. ಆರು ಮೊಟ್ಟೆಗಳಿಗೆ ಎಷ್ಟಾಗುತ್ತದೆ ಎಂಬ ಅಂಗಡಿ ಲೆಕ್ಕಕ್ಕೆ ಮಾತ್ರ ಸಂಬಂಧವಿಲ್ಲದ ಉತ್ತರ ಬಂತು. ಓದಲು ಕೊಟ್ಟರೆ ಸಾಲು ತಪ್ಪುತ್ತಿತ್ತು, ಅರ್ಥಕ್ಕೆ ಹೊಂದದ ಕಡೆ ಒತ್ತು ಬೀಳುತ್ತಿತ್ತು. ಹೆಸರು ಬರೆಯಲು ಹೇಳಿದರೆ ಶ್ರೀಮತಿ ಎಂಬಷ್ಟನ್ನು ಬರೆಯಲು ತೊಡಗಿ ಮುಂದಿನದನ್ನು ಮರೆಯುತ್ತಿದ್ದಳು. ಒಂದೊಂದು ಪದವನ್ನೂ ಹೇಳಿಕೊಡಬೇಕಾಗುತ್ತಿತ್ತು. ತಾನೇ ಕಳೆದುಹೋಗಿದ್ದೇನೆ ಎಂಬ ಭಾವದ ಮಾತು ಆಕೆಯ ಬಾಯಿಂದ ಬಂದದ್ದೂ ದಾಖಲೆಯಲ್ಲಿದೆ.

ನೋಡಿ, ಇವೆಲ್ಲ ಕಿರಿಯ ಪ್ರಾಥಮಿಕ ತರಗತಿಯ ಪ್ರಶ್ನೆಗಳು. ಬಾಲ್ಯದಲ್ಲಿ ಕಲಿತದ್ದು ಉಳಿದಿದೆಯೇ, ಈಗ ತಾನೇ ತೋರಿಸಿದ್ದು ಉಳಿಯುತ್ತದೆಯೇ, ಗುರುತಿಸುವುದಕ್ಕೂ ನೆನಪಿಡುವುದಕ್ಕೂ ನಡುವೆ ಎಲ್ಲಿ ಬಿರುಕು ಬಿಟ್ಟಿದೆ ಎಂದು ಒಂದೊಂದಾಗಿ ಬೇರ್ಪಡಿಸಿ ನೋಡುವ ಕ್ರಮ ಅದರಲ್ಲಿದೆ. ತಪ್ಪು ಉತ್ತರಕ್ಕೆ ಅವರು ತಪ್ಪು ಎಂದು ಗುರುತು ಹಾಕಿ ಬಿಡಲಿಲ್ಲ; ಏನು ಹೇಳಿದಳೋ ಅದನ್ನೇ ಬರೆದರು. ನಮ್ಮ ಘಟಕ ಪರೀಕ್ಷೆಗಳಲ್ಲಿ ಅಂಕ ಕಳೆದು ಮುಂದೆ ಹೋಗುವಾಗ ನಾವು ಎಸೆಯುವುದು ಇದನ್ನೇ. ಪಾಲಕ್ ಎಂಬ ಒಂದು ತಪ್ಪು ಉತ್ತರ ಅಲ್ಲಿ ಹತ್ತು ಸರಿಯುತ್ತರಗಳಿಗಿಂತ ಹೆಚ್ಚು ತಿಳಿಸಿತು.

ಆಗುಸ್ಟೆಯನ್ನು ವಾರ್ಡಿನಲ್ಲಿ ಬಿಟ್ಟು ಆಲ್ಝೈಮರ್ ಮೊದಲು ಹೈಡಲ್‌ಬರ್ಗ್‌ಗೆ, 1903ರಲ್ಲಿ ಮ್ಯೂನಿಕ್‌ಗೆ ಹೋದರು. ಕರೆಸಿಕೊಂಡವರು ಎಮಿಲ್ ಕ್ರೇಪೆಲಿನ್, ಆ ಕಾಲದ ಮನೋವೈದ್ಯಶಾಸ್ತ್ರದ ದೊಡ್ಡ ಹೆಸರು. ಹೆಂಡತಿಯ ಆಸ್ತಿ ಇದ್ದುದರಿಂದ ಆಲ್ಝೈಮರ್ ಅಲ್ಲಿ ಕೆಲವು ವರ್ಷ ಸಂಬಳವಿಲ್ಲದೆ ದುಡಿದರು. ದೂರದಲ್ಲಿದ್ದರೂ ಆಗುಸ್ಟೆಯ ಸ್ಥಿತಿಯನ್ನು ವಿಚಾರಿಸುತ್ತಲೇ ಇದ್ದರು. ಕೊನೆಕೊನೆಗೆ ಆಕೆ ಕಾಲು ಮಡಚಿ ಮುದುಡಿ ಮಲಗಿಯೇ ಇರುತ್ತಿದ್ದಳು. 1906ರ ಏಪ್ರಿಲ್ 8ರಂದು ತೀರಿಕೊಂಡಾಗ, ಸಿಯೋಲಿ ಅವರ ಒಪ್ಪಿಗೆಯಿಂದ ಕೇಸ್ ಶೀಟ್ ಮತ್ತು ಮೆದುಳು ಎರಡೂ ಮ್ಯೂನಿಕ್‌ಗೆ ಬಂದವು.

ಬೆಳ್ಳಿಯ ಲವಣದಿಂದ ನರತಂತುಗಳಿಗೆ ಬಣ್ಣ ಬರಿಸುವ ಬೀಲ್‌ಶೋವ್‌ಸ್ಕಿ ವಿಧಾನ ಆಗಷ್ಟೇ ಬಳಕೆಗೆ ಬಂದಿತ್ತು. ಆ ಸ್ಲೈಡ್‌ಗಳಲ್ಲಿ ಆಲ್ಝೈಮರ್ ಎರಡು ಸಂಗತಿಗಳನ್ನು ಕಂಡರು. ಮೊದಲನೆಯದು ಕೋಶದ ಒಳಗೆ: ಉಳಿದಂತೆ ಸರಿಯಾಗಿ ಕಾಣುವ ನರಕೋಶದಲ್ಲಿ ಒಂದೆರಡು ತಂತುಗಳು ಮಾತ್ರ ದಪ್ಪಗಾಗಿ ಕಡುಬಣ್ಣ ಹಿಡಿದಿವೆ, ಮುಂದಿನ ಹಂತದ ಕೋಶದಲ್ಲಿ ಅಂಥ ತಂತುಗಳು ಕಟ್ಟುಕಟ್ಟಾಗಿ ಸೇರಿವೆ, ಕೊನೆಯ ಹಂತದಲ್ಲಿ ಕೋಶಕೇಂದ್ರವೂ ಕೋಶವೂ ಕರಗಿ, ಕೋಶವಿದ್ದ ಜಾಗದಲ್ಲಿ ನೂಲಿನ ಸಿಕ್ಕಿನಂಥ ಗಂಟು ಒಂದೇ ಉಳಿದಿದೆ. ಮೆದುಳಿನ ಹೊರಪದರದ ನರಕೋಶಗಳಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಹೀಗಾಗಿದ್ದವು. ಎರಡನೆಯದು ಕೋಶಗಳ ಹೊರಗೆ: ಹೊರಪದರದ ಉದ್ದಕ್ಕೂ ಯಾವುದೋ ವಿಚಿತ್ರ ವಸ್ತು ಸಣ್ಣ ಸಣ್ಣ ಚುಕ್ಕೆಗಳಾಗಿ ಶೇಖರವಾಗಿದೆ. ಇಂದು ಪ್ಲಾಕ್ ಎನ್ನುವುದು ಇದನ್ನೇ. ಇವಲ್ಲದೆ ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಲ್ಲಿ ತಂತುಗಳು ಹೆಚ್ಚಿರುವುದನ್ನೂ ಕೊಬ್ಬು ತುಂಬಿಕೊಂಡಿರುವುದನ್ನೂ ಅವರು ಗಮನಿಸಿದರು. ಈ ಮೂರನೆಯ ಮಾತನ್ನು ಬಹುಕಾಲ ಹೆಚ್ಚು ಮಂದಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸತ್ತ ಕೋಶಗಳ ಸ್ಲೈಡಿನಿಂದ ಒಂದು ಪ್ರಕ್ರಿಯೆಯ ಹಂತಗಳನ್ನು ಓದಿದ ಈ ಜಾಣ್ಮೆಯನ್ನು ಗಮನಿಸಬೇಕು. ಒಂದೇ ಕೋಶ ಹಾಳಾಗುವುದನ್ನು ಯಾರೂ ಕುಳಿತು ನೋಡಲಾಗದು. ಬೇರೆ ಬೇರೆ ಹಂತದಲ್ಲಿ ನಿಂತುಹೋದ ನೂರಾರು ಕೋಶಗಳನ್ನು ನೋಡಿ ಕ್ರಮ ಜೋಡಿಸಬೇಕು. ತರಗತಿಯಲ್ಲಿ ಈರುಳ್ಳಿ ಬೇರಿನ ತುದಿಯ ಸ್ಲೈಡಿನಿಂದ ಕೋಶವಿಭಜನೆಯ ಹಂತಗಳನ್ನು ಗುರುತಿಸುವಾಗ ಮಕ್ಕಳು ಮಾಡುವುದೂ ಇದನ್ನೇ.

1906ರ ನವೆಂಬರ್ 3ರಂದು ಟ್ಯೂಬಿಂಗನ್‌ನಲ್ಲಿ ನೈರುತ್ಯ ಜರ್ಮನಿಯ ಮನೋವೈದ್ಯರ ಸಭೆ ಸೇರಿತು. ಆಲ್ಝೈಮರ್ ತಮ್ಮ ಪ್ರಬಂಧ ಮಂಡಿಸಿ ಚಿತ್ರಗಳನ್ನು ತೋರಿಸಿದರು. ಅಧ್ಯಕ್ಷರು ಪ್ರಶ್ನೆಗಳಿವೆಯೇ ಎಂದು ಕಾದರು. ಒಂದೂ ಪ್ರಶ್ನೆ ಬರಲಿಲ್ಲ. ಮುಂದಿನ ಪ್ರಬಂಧಕ್ಕೆ ಹೋದರು. ಬೋಧನಾಭ್ಯಾಸದಲ್ಲಿ ಸಿದ್ಧತೆಯನ್ನೆಲ್ಲ ಮಾಡಿಕೊಂಡು ಹೋಗಿ, ಎದುರಿಗೆ ಒಂದು ಕೈಯೂ ಏಳದೆ ಕುಳಿತ ತರಗತಿಯನ್ನು ನೋಡಿದವರಿಗೆ ಆ ಕ್ಷಣ ಹೇಗಿರುತ್ತದೆಂದು ವಿವರಿಸಬೇಕಿಲ್ಲ. ಮರುವರ್ಷ ಆ ಪ್ರಬಂಧ ಪತ್ರಿಕೆಯೊಂದರಲ್ಲಿ ಕೆಲವೇ ಪುಟಗಳಲ್ಲಿ ಅಚ್ಚಾಯಿತು.

ಅವರ ನಿಜವಾದ ತರಗತಿ ಬೇರೆಯೇ ಇತ್ತು. ಮ್ಯೂನಿಕ್‌ನ ಅವರ ಪ್ರಯೋಗಾಲಯದಲ್ಲಿ ಕಿಟಕಿಗಳ ಉದ್ದಕ್ಕೂ ಸೂಕ್ಷ್ಮದರ್ಶಕಗಳು, ಒಂದೊಂದರ ಮುಂದೆ ಒಬ್ಬೊಬ್ಬ ವಿದ್ಯಾರ್ಥಿ. ಇಟಲಿಯಿಂದ ಪೆರುಸಿನಿ, ಬೊನ್‌ಫಿಲ್ಯೊ, ಚೆರ್ಲೆಟ್ಟಿ ಬಂದಿದ್ದರು. ಅಮೆರಿಕದಿಂದ ಸಾಲೊಮನ್ ಕಾರ್ಟರ್ ಫುಲ್ಲರ್ ಬಂದಿದ್ದರು. ಫುಲ್ಲರ್ ಅವರ ತಾತ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು. ಮೊಮ್ಮಗ ಅಮೆರಿಕದ ಮೊದಲ ಕಪ್ಪು ಮನೋವೈದ್ಯರೆನಿಸಿದರು. ಮುಂದೆ ತಮ್ಮ ಹೆಸರಿನಿಂದಲೇ ಕಾಯಿಲೆಗಳು ಗುರುತಾದ ಕ್ರಾಯ್ಟ್ಸ್‌ಫೆಲ್ಡ್, ಯಾಕೋಬ್, ಲೇವಿ ಕೂಡ ಅವರ ಬಳಿ ಕಲಿತವರು. ಆಲ್ಝೈಮರ್ ವೇದಿಕೆಯ ಭಾಷಣಕಾರರಲ್ಲ. ಒಬ್ಬೊಬ್ಬರ ಪಕ್ಕದಲ್ಲೂ ಕುಳಿತು, ಅವರ ಸ್ಲೈಡನ್ನು ತಾವು ನೋಡಿ, ಏನು ಕಾಣುತ್ತದೆ, ಏನು ಕಾಣುತ್ತಿಲ್ಲ ಎಂದು ಬಹಳ ಹೊತ್ತು ವಿವರಿಸಿ ಮುಂದಿನವರ ಬಳಿಗೆ ಹೋಗುತ್ತಿದ್ದರು. ಕುಳಿತಾಗ ಕೈಯಲ್ಲಿದ್ದ ಚುಟ್ಟಾವನ್ನು ಮೇಜಿನ ಮೇಲಿಟ್ಟು ಮರೆಯುತ್ತಿದ್ದರಂತೆ. ಸಂಜೆ ಹೊತ್ತಿಗೆ ಪ್ರತಿಯೊಬ್ಬ ವಿದ್ಯಾರ್ಥಿಯ ಮೇಜಿನ ಮೇಲೂ ಒಂದೊಂದು ಚುಟ್ಟಾದ ತುಂಡು ಇರುತ್ತಿತ್ತು ಎಂದು ಶಿಷ್ಯರು ನೆನೆಯುತ್ತಿದ್ದರು. ಪ್ರಯೋಗಾಲಯದಲ್ಲಿ ಚುಟ್ಟಾ ಅನುಕರಣೀಯವಲ್ಲ, ಪಕ್ಕದಲ್ಲಿ ಕೂರುವುದು ಅನುಕರಣೀಯ. ಕಂಡದ್ದನ್ನು ಕೈಯಾರೆ ಚಿತ್ರ ಬರೆಯುವುದನ್ನೂ ಅವರು ಬಿಡಲಿಲ್ಲ. ಕೋಶದೊಳಗಿನ ಗಂಟುಗಳ ಅವರ ಚಿತ್ರಗಳು ಇಂದಿಗೂ ಅಚ್ಚಾಗುತ್ತವೆ.

1910ರಲ್ಲಿ ಕ್ರೇಪೆಲಿನ್ ತಮ್ಮ ಪಠ್ಯಪುಸ್ತಕದ ಎಂಟನೆಯ ಆವೃತ್ತಿಯಲ್ಲಿ ಈ ಸ್ಥಿತಿಗೆ ಆಲ್ಝೈಮರ್ ಕಾಯಿಲೆ ಎಂದು ಹೆಸರಿಟ್ಟರು. ಆಧಾರ ಬೆರಳೆಣಿಕೆಯ ರೋಗಿಗಳು. ಅಷ್ಟು ಅವಸರ ಏಕೆಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಪ್ರಾಗ್ ನಗರದಲ್ಲಿ ಆಸ್ಕರ್ ಫಿಷರ್ ಎಂಬ ವೈದ್ಯರು 1907ರಲ್ಲೇ ಮುಪ್ಪಿನ ಮರೆವಿನಿಂದ ಸತ್ತ ಹಲವರ ಮೆದುಳಿನಲ್ಲಿ ಇಂಥವೇ ಪ್ಲಾಕ್‌ಗಳನ್ನು ಕಂಡು ಬರೆದಿದ್ದರು. ಅವರೊಡನೆ ಮೇಲಾಟ ಇತ್ತೆಂದು ಕೆಲವರು ಹೇಳುತ್ತಾರೆ. ಯೆಹೂದಿಯಾಗಿದ್ದ ಫಿಷರ್ 1942ರಲ್ಲಿ ನಾತ್ಸಿಗಳ ಟೆರೆಜಿನ್ ಸೆರೆಶಿಬಿರದಲ್ಲಿ ಸತ್ತರು. ಅವರ ಹೆಸರು ಬಹುಕಾಲ ಮರೆತೇ ಹೋಗಿತ್ತು.

ಹೆಸರು ಬಂದ ಮೇಲೆ ಸುಮ್ಮನಿರಬಹುದಾಗಿದ್ದ ಆಲ್ಝೈಮರ್ ಮರುವರ್ಷವೇ ದೀರ್ಘ ಪ್ರಬಂಧವೊಂದನ್ನು ಬರೆದರು. ಈ ಸಲ ರೋಗಿ ಯೋಹಾನ್ ಎಂಬ 56 ವರ್ಷದ ಕೂಲಿಕಾರ. ಆತನ ಮೆದುಳಿನಲ್ಲಿ ಪ್ಲಾಕ್‌ಗಳು ತುಂಬಿದ್ದವು, ಕೋಶದೊಳಗಿನ ಗಂಟುಗಳು ಮಾತ್ರ ಒಂದೂ ಇರಲಿಲ್ಲ. ತಮ್ಮದೇ ಹೆಸರಿನ ಕಾಯಿಲೆಯ ಲಕ್ಷಣಪಟ್ಟಿಗೆ ಹೊಂದದ ಆ ಸಂಗತಿಯನ್ನು ಅವರು ಬಚ್ಚಿಡದೆ ಬರೆದರು. ಅಷ್ಟೇ ಅಲ್ಲ, ಇಂಥವನ್ನು ಪ್ರತ್ಯೇಕ ಕಾಯಿಲೆ ಎನ್ನಲು ಸಾಕಷ್ಟು ಆಧಾರವಿಲ್ಲ, ಮುಪ್ಪಿನ ಮರೆವೇ ಬೇಗನೆ ಮತ್ತು ತೀವ್ರವಾಗಿ ಬಂದ ರೂಪಗಳಿರಬಹುದು ಎಂಬ ಅಭಿಪ್ರಾಯವನ್ನೂ ಸೂಚಿಸಿದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಪ್ರಬಂಧ.

ಆದರೆ ಪಠ್ಯಪುಸ್ತಕದ ಮಾತೇ ನಿಂತಿತು. ಸುಮಾರು ಅರ್ಧ ಶತಮಾನ ಆಲ್ಝೈಮರ್ ಕಾಯಿಲೆ ಎಂದರೆ 65ಕ್ಕಿಂತ ಮೊದಲೇ ಬರುವ ಅಪರೂಪದ ರೋಗ ಎಂದಾಯಿತು. ವಯಸ್ಸಾದವರ ಮರೆವು ವಯಸ್ಸಿನ ಲೆಕ್ಕಕ್ಕೆ ಹೋಯಿತು. ನಮ್ಮ ಗಾದೆಯದೂ ಅದೇ ತೀರ್ಪು. 1960ರ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಬ್ಲೆಸ್ಡ್, ಟಾಮ್ಲಿನ್‌ಸನ್, ರಾತ್ ಎಂಬ ಮೂವರು ಮುದುಕರ ಮೆದುಳುಗಳನ್ನು ಪರೀಕ್ಷಿಸಿ, ಬದುಕಿದ್ದಾಗ ಮರೆವು ಹೆಚ್ಚಿದ್ದವರಲ್ಲಿ ಪ್ಲಾಕ್‌ಗಳೂ ಹೆಚ್ಚಿರುವುದನ್ನು ತೋರಿಸಿದರು. ಐವತ್ತರಲ್ಲಿ ಬಂದರೂ ಎಂಬತ್ತರಲ್ಲಿ ಬಂದರೂ ಕಾಯಿಲೆ ಒಂದೇ ಎಂದು 1976ರಲ್ಲಿ ಅಮೆರಿಕದ ರಾಬರ್ಟ್ ಕಾಟ್ಸ್‌ಮನ್ ವಾದಿಸಿದರು. ಪ್ಲಾಕ್‌ನಲ್ಲಿರುವುದು ಅಮಿಲಾಯ್ಡ್ ಬೀಟಾ ಎಂಬ ಪ್ರೊಟೀನ್ ತುಣುಕು, ಗಂಟಿನಲ್ಲಿರುವುದು ಟೌ ಎಂಬ ಪ್ರೊಟೀನ್ ಎಂಬುದು 1980ರ ದಶಕದಲ್ಲಿ ತಿಳಿಯಿತು.

ಹಾಗಾದರೆ ವಯಸ್ಸಿಗೂ ಇದಕ್ಕೂ ಸಂಬಂಧವೇ ಇಲ್ಲವೇ? ಇದೆ. ಈ ಕಾಯಿಲೆಯ ಅಪಾಯವನ್ನು ವಯಸ್ಸಿನಷ್ಟು ಹೆಚ್ಚಿಸುವುದು ಬೇರೊಂದಿಲ್ಲ. ಆದರೂ ವಯಸ್ಸಾದವರಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ. ಎರಡೂ ಮಾತುಗಳನ್ನು ಒಟ್ಟಿಗೆ ಹೇಳಬೇಕು. ನಮ್ಮ ಚರ್ಮದ ಕೋಶಗಳು ಹಳೆಯವಾದಂತೆ ಹೊಸವು ಬರುತ್ತವೆ. ಮೆದುಳಿನ ನರಕೋಶಗಳು ಬಹುಪಾಲು ಹಾಗಲ್ಲ, ಹುಟ್ಟಿನೊಂದಿಗೆ ಬಂದವೇ ಕೊನೆಯವರೆಗೂ ನಡೆಯಬೇಕು. ಕೆಟ್ಟ ಪ್ರೊಟೀನ್‌ಗಳನ್ನು ಒಡೆದು ಹೊರಹಾಕುವ ಅವುಗಳ ಶಕ್ತಿ ವರ್ಷ ಕಳೆದಂತೆ ಕುಂದುತ್ತದೆ. ಗ್ಲಿಯಾ ಕೋಶಗಳ ಕತೆ ಬೇರೆ. ಮನುಷ್ಯನ ಸಾಮಾನ್ಯ ಕೋಶಗಳು ಕೆಲವು ಹತ್ತು ಸಲ ವಿಭಜಿಸಿ ನಿಂತುಬಿಡುತ್ತವೆ ಎಂದು 1961ರಲ್ಲಿ ಲೆನರ್ಡ್ ಹೇಫ್ಲಿಕ್ ತೋರಿಸಿದ್ದರು. ಹೀಗೆ ನಿಂತ ಕೋಶ ಸಾಯದೆ ಉಳಿದು ಸುತ್ತಲಿನ ಕೋಶಗಳಿಗೆ ಉರಿಯೂತ ತರುವ ವಸ್ತುಗಳನ್ನು ಸುರಿಸುತ್ತಿರುತ್ತದೆ. ಟೌ ಗಂಟುಗಳು ಬರುವಂತೆ ಮಾಡಿದ ಇಲಿಗಳ ಮೆದುಳಿನಿಂದ ಅಂಥ ಮುಪ್ಪಾದ ಗ್ಲಿಯಾ ಕೋಶಗಳನ್ನು ತೆಗೆದಾಗ ಗಂಟುಗಳು ಕಡಿಮೆಯಾದವು, ನೆನಪಿನ ಶಕ್ತಿ ಉಳಿಯಿತು ಎಂದು 2018ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಆಗುತ್ತದೆಂದು ಇನ್ನೂ ಸಿದ್ಧವಾಗಿಲ್ಲ, ತರಗತಿಯಲ್ಲಿ ಹೇಳುವಾಗ ಈ ಎಚ್ಚರ ಬೇಕು. ಗ್ಲಿಯಾ ಕೋಶಗಳಲ್ಲಿ ಏನೋ ಆಗಿದೆ ಎಂದು 1907ರ ಪುಟಗಳಲ್ಲಿ ಆಲ್ಝೈಮರ್ ಬರೆದಿಟ್ಟ ಸಾಲು ಮಾತ್ರ ನೂರು ವರ್ಷ ದಾಟಿ ಕೆಲಸಕ್ಕೆ ಬಂದಿದೆ.

1912ರಲ್ಲಿ ಅವರು ಬ್ರೆಸ್ಲಾವ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. ಈಗ ಆ ಊರು ಪೋಲೆಂಡಿನಲ್ಲಿದೆ. ಹೊಸ ಹುದ್ದೆಗೆ ಹೋಗುವ ರೈಲಿನಲ್ಲೇ ಜ್ವರ ಹಿಡಿಯಿತು; ಸೋಂಕು ಹೃದಯಕ್ಕೆ ಇಳಿದು ಮತ್ತೆ ಪೂರ್ತಿ ಚೇತರಿಸಿಕೊಳ್ಳಲಿಲ್ಲ. ಯುದ್ಧ ಬಂತು, ಕೆಲಸ ಹೆಚ್ಚಿತು. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೆ 51 ವರ್ಷ, ಆಗುಸ್ಟೆ ಆಸ್ಪತ್ರೆಗೆ ಬಂದಾಗ ಇದ್ದಷ್ಟೇ. ಫ್ರಾಂಕ್‌ಫರ್ಟ್‌ನಲ್ಲಿ ಹೆಂಡತಿಯ ಪಕ್ಕದಲ್ಲಿ ಹೂಳಿದರು.

ಆಗುಸ್ಟೆಯ ಕೇಸ್ ಶೀಟ್ ಎಲ್ಲಿ ಹೋಯಿತೆಂದು ಬಹುಕಾಲ ತಿಳಿದಿರಲಿಲ್ಲ. 1995ರ ಡಿಸೆಂಬರಿನಲ್ಲಿ ಕೊನ್ರಾಡ್ ಮಾವುರರ್ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯ ಹಳೆಯ ದಾಖಲೆಗಳ ನಡುವೆ ಅದನ್ನು ಕಂಡರು. ಕೆಲವೇ ವರ್ಷಗಳಲ್ಲಿ ಮ್ಯೂನಿಕ್‌ನಲ್ಲಿ ಯೋಹಾನ್‌ನ ಸ್ಲೈಡ್‌ಗಳೂ ಆಗುಸ್ಟೆಯ ಸ್ಲೈಡ್‌ಗಳೂ ಸಿಕ್ಕವು. ಮತ್ತೆ ಪರೀಕ್ಷಿಸಿ ನೋಡಿದರೆ ಆಲ್ಝೈಮರ್ ಬರೆದಂತೆಯೇ ಇದೆ: ಆಗುಸ್ಟೆಯಲ್ಲಿ ಪ್ಲಾಕ್, ಗಂಟು ಎರಡೂ, ಯೋಹಾನ್‌ನಲ್ಲಿ ಪ್ಲಾಕ್ ಮಾತ್ರ. ನೀಲಿ ರಟ್ಟಿನ ಆ ಕಡತದಲ್ಲಿ ಪ್ರಶ್ನೆಗಳೂ ಉತ್ತರಗಳೂ ಆಲ್ಝೈಮರ್ ಅವರ ಕೈಬರಹದಲ್ಲಿವೆ. ಒಂದು ಹಾಳೆಯಲ್ಲಿ ಮಾತ್ರ ಬೇರೆ ಕೈಬರಹವಿದೆ. ಆಗುಸ್ಟೆ ತನ್ನ ಹೆಸರು ಬರೆಯಲು ಪ್ರಯತ್ನಿಸಿದ ಹಾಳೆ ಅದು.